ಕಲಾಂಚೊ ಹೂ ಬಿಡದಿದ್ದರೆ ಮೊದಲು ಟ್ಯೂಬ್‌ಲೈಟ್ ನೋಡಿ

ತೀರ್ಥಹಳ್ಳಿಯ ಅಕ್ಕ, ನಿಮ್ಮ ಗಿಡದ ಫೋಟೋ ನೋಡಿದೆ. ಹೋದ ವರ್ಷ ಮೇ ತಿಂಗಳಲ್ಲಿ ಶಿವಮೊಗ್ಗದ ನರ್ಸರಿಯಿಂದ ಕೆಂಪು ಹೂ ತುಂಬಿದ ಕಲಾಂಚೊ ತಂದಿರಿ. ಆ ಹೂ ಒಣಗಿದ ಮೇಲೆ ಒಂದು ಮೊಗ್ಗೂ ಇಲ್ಲ. ಈ ಮಳೆಗಾಲದಲ್ಲಿ ಕೆಳಗಿನ ಎಲೆ ಹಳದಿಯಾಗಿ ಉದುರುತ್ತಿದೆ. ಹಾಲ್‌ನಲ್ಲಿ ಟೀವಿ ಪಕ್ಕ ಇಟ್ಟಿದ್ದೀರಿ, ಎರಡು ದಿನಕ್ಕೊಮ್ಮೆ ನೀರು ಹಾಕುತ್ತೀರಿ. ಇಷ್ಟೇ ಅಲ್ವಾ ನೀವು ಬರೆದಿದ್ದು? ಮೇಲೆ ಮೂರ್ನಾಲ್ಕು ಜನ ಗೊಬ್ಬರ ಹಾಕಿ ಅಂದಿದ್ದಾರೆ. ಈಗ ಮಾತ್ರ ಹಾಕಬೇಡಿ. ಗಿಡ ಹಸಿದಿಲ್ಲ, ಅದಕ್ಕೆ ರಾತ್ರಿ ಸಿಗುತ್ತಿಲ್ಲ.

ನಾನೂ ಎರಡು ವರ್ಷ ಇದೇ ತಪ್ಪು ಮಾಡಿದವಳೇ. ನಮ್ಮದು ಸಾಗರದ ಹತ್ತಿರ ಹಳ್ಳಿ. ಗಿಡ ಹಾಲ್‌ನಲ್ಲಿತ್ತು, ಎಲೆ ದಪ್ಪಗೆ, ಹಸಿರಾಗಿ ಚೆನ್ನಾಗಿಯೇ ಇತ್ತು, ಹೂ ಮಾತ್ರ ಇಲ್ಲ. ಒಂದು ಸಲ ಟಿಸಿಲು ಮುರಿಯಿತು. ಎಸೆಯಲು ಮನಸ್ಸಾಗದೆ ಹಳೇ ತಗಡಿನ ಡಬ್ಬಿಗೆ ಚುಚ್ಚಿ ಉಗ್ರಾಣದ ಕಿಟಕಿಯಲ್ಲಿಟ್ಟು ಮರೆತೆ. ಅಲ್ಲಿನ ಬಲ್ಬ್ ಸುಟ್ಟು ಯಾವ ಕಾಲವಾಗಿತ್ತೋ. ನೀರು ಹಾಕಲು ಅತ್ತೆಗೆ ನೆನಪಾದರೆ ಉಂಟು, ಇಲ್ಲದಿದ್ದರೆ ಇಲ್ಲ. ಜನವರಿಯಲ್ಲಿ ಖಾಲಿ ಚೀಲ ತರಲು ಹೋದೆ. ಗೇಣುದ್ದವೂ ಇಲ್ಲದ ಆ ಗಿಡದ ನೆತ್ತಿಯ ಮೇಲೆ ಮುಷ್ಟಿಯಷ್ಟು ಕೆಂಪು ಗೊಂಚಲು! ಹಾಲ್‌ನಲ್ಲಿದ್ದ ತಾಯಿ ಗಿಡ ಸುಮ್ನೆ ಕೂತಿತ್ತು.

ವಿಷಯ ಏನೆಂದರೆ, ಕಲಾಂಚೊ ರಾತ್ರಿಯ ಉದ್ದ ಅಳೆದು ಮೊಗ್ಗು ಕಟ್ಟುವ ಗಿಡ. ದಿನಕ್ಕೆ ಸುಮಾರು 14 ಗಂಟೆ ಪೂರ್ತಿ ಕತ್ತಲೆ, ಅದೂ ಬಿಡದೆ 6 ವಾರ ಸಿಕ್ಕರೆ ಮೊಗ್ಗು ಖಾತ್ರಿ. ನಮ್ಮ ಕಡೆ ಜೂನ್‌ನಲ್ಲಿ ಹಗಲೇ ಹತ್ತಿರ ಹತ್ತಿರ 13 ಗಂಟೆ. ಡಿಸೆಂಬರ್ ಕೊನೆಗೆ 11 ಗಂಟೆ 20 ನಿಮಿಷದ ಆಸುಪಾಸಿಗೆ ಇಳಿಯುತ್ತದೆ. ಆಗಿನ ರಾತ್ರಿ 14 ಗಂಟೆ ಮುಟ್ಟದಿದ್ದರೂ ಮೊಗ್ಗಿಗೆ ಸಾಕಾಗುತ್ತದೆ. ಹಾಗಾಗಿ ದೀಪವಿಲ್ಲದ ಕಡೆ ಇದ್ದರೆ ಚಳಿಗಾಲದಲ್ಲಿ ತಾನಾಗಿಯೇ ಹೂ ಬಿಡುತ್ತದೆ. ಹಾಲ್‌ನಲ್ಲಿ ರಾತ್ರಿ ಹನ್ನೊಂದರವರೆಗೆ ಲೈಟ್ ಉರಿದರೆ ಗಿಡದ ಪಾಲಿಗೆ ಅದೂ ಹಗಲೇ. ನಡುರಾತ್ರಿ ಎದ್ದು ಸ್ವಲ್ಪ ಹೊತ್ತು ದೀಪ ಹಾಕಿದರೂ ಅದರ ಲೆಕ್ಕ ತಪ್ಪುತ್ತದೆ.

ಹಾಗಾದರೆ ಮೇ ತಿಂಗಳಲ್ಲಿ ಹೂ ಎಲ್ಲಿಂದ ಬಂತು ಅಂತ ಕೇಳಬಹುದು. ಮಾರಾಟಕ್ಕೆ ಬೆಳೆಸುವವರು ಸಂಜೆಯಾಗುತ್ತಲೇ ಕಪ್ಪು ಬಟ್ಟೆ ಮುಚ್ಚಿ ಯಾವ ತಿಂಗಳಲ್ಲಿ ಬೇಕಾದರೂ ಹೂ ತರಿಸುತ್ತಾರೆ. ನಿಮಗೆ ಸಿಕ್ಕಿದ್ದು ಅಂಥದ್ದು. ಮೋಸವೇನಲ್ಲ, ಆದರೆ ಅದನ್ನು ನೋಡಿ ವರ್ಷವಿಡೀ ಹೂ ಬಿಡುತ್ತದೆ ಅಂದುಕೊಳ್ಳಬಾರದು.

ಮನೆಯಲ್ಲಿ ಇದಕ್ಕೆ ಒಂದು ರಟ್ಟಿನ ಪೆಟ್ಟಿಗೆ ಸಾಕು. ಸಂಜೆ 5ಕ್ಕೆ ಕವುಚಿ ಹಾಕಿ, ಬೆಳಿಗ್ಗೆ 7ಕ್ಕೆ ತೆಗೆಯಿರಿ. ಹಗಲು ಕಿಟಕಿಯ ಒಳ್ಳೆ ಬೆಳಕು ಬೇಕು. ಹಂಚಿನ ಮನೆಯಾದರೆ ಗಾಜಿನ ಹಂಚಿನ ಕೆಳಗಿನ ಜಾಗ ಆಗುತ್ತದೆ. ಜಗಲಿಯ ಪೂರ್ವದ ಅಂಚು ಅದಕ್ಕಿಂತಲೂ ಚೆನ್ನ, ಎಳೆ ಬಿಸಿಲು ಬೀಳುತ್ತದೆ. ನವರಾತ್ರಿ ಮುಗಿದ ಕೂಡಲೇ ಶುರು ಮಾಡಿ, ಸಂಕ್ರಾಂತಿ ಹೊತ್ತಿಗೆ ಹೂ ನೋಡಬಹುದು. ಮೊಗ್ಗು ಸ್ಪಷ್ಟವಾಗಿ ಕಂಡ ಮೇಲೆ ಪೆಟ್ಟಿಗೆ ಬೇಡ, ಆಗ ಬೇಕಾದರೆ ಟೀವಿ ಪಕ್ಕ ಇಟ್ಟು ಚಂದ ನೋಡಿ. ಪೆಟ್ಟಿಗೆಯ ರಗಳೆಯೇ ಬೇಡ ಅನ್ನುವವರು ರಾತ್ರಿ ದೀಪ ಹಾಕದ ಕೋಣೆಯ ಕಿಟಕಿಗೆ ಗಿಡ ಸಾಗಿಸಿ. ನಾನು ಈಗ ಮಾಡುವುದು ಅದನ್ನೇ. ಹೂ ಸ್ವಲ್ಪ ತಡ, ಅಷ್ಟೇ.

ಇನ್ನು ನೀರು. ನಾವು ಮಳೆಗಾಲ ಎಂದರೆ ಡೇರೆ (ಡೇಲಿಯಾ) ಹೂವಿನ ಕಾಲ ಅಂದುಕೊಂಡು ಬೆಳೆದವರು. ಈ ಗಿಡದ ಸ್ವಭಾವ ಅದಕ್ಕೆ ತದ್ವಿರುದ್ಧ. ಇದರ ಮೂಲ ಮಡಗಾಸ್ಕರ್. ನೀರನ್ನು ಎಲೆಯಲ್ಲೇ ಕೂಡಿಟ್ಟುಕೊಳ್ಳುತ್ತದೆ, ಹಗಲು ಎಲೆಯ ರಂಧ್ರ ಮುಚ್ಚಿ ರಾತ್ರಿ ತೆರೆಯುತ್ತದೆ, ಹಾಗಾಗಿ ನೀರಿನ ಖರ್ಚೇ ಕಡಿಮೆ. ಜುಲೈನಲ್ಲಿ ಗೋಡೆಯೇ ಬೆವರುವಾಗ, ಒಗೆದ ಬಟ್ಟೆ ವಾರವಾದರೂ ಒಣಗದಿರುವಾಗ, ಕುಂಡದ ಮಣ್ಣು ಒಣಗುವುದಾದರೂ ಹೇಗೆ? ನಾನು ಆ ತಿಂಗಳುಗಳಲ್ಲಿ 15-20 ದಿನಕ್ಕೊಮ್ಮೆ ಅರ್ಧ ಲೋಟ ಹಾಕಿದರೆ ಹೆಚ್ಚು. ಬೇಸಿಗೆಯಲ್ಲಿ ವಾರಕ್ಕೊಮ್ಮೆ. ದಿನ ಎಣಿಸುವುದಕ್ಕಿಂತ ಕುಂಡ ಎತ್ತಿ ನೋಡಿ, ಹಗುರ ಅನ್ನಿಸಿದಾಗ ಬುಡಕ್ಕೆ ಹಾಕಿ. ಎಲೆಯ ಮೇಲೆ ಬೇಡ. ಎಲೆ ತೆಳ್ಳಗಾಗಿ ಸುಕ್ಕುಗಟ್ಟಿದ್ದರೆ ಬಾಯಾರಿಕೆ. ಹಳದಿಯಾಗಿ, ಒತ್ತಿದರೆ ಬೆಂದ ಬಸಳೆಯ ಹಾಗೆ ಪಿಚಕ್ ಅಂದರೆ ನೀರು ಜಾಸ್ತಿ. ನಿಮ್ಮದು ಎರಡನೆಯದು.

ಅದಕ್ಕೇ ಪೆಟ್ಟಿಗೆಗಿಂತ ಮೊದಲು ಇವತ್ತೇ ಒಂದು ಕೆಲಸ ಮಾಡಿ. ಕಾಂಡದ ಬುಡ ಉಗುರಿನಲ್ಲಿ ಒತ್ತಿ. ಗಟ್ಟಿ ಇದ್ದರೆ ಬಚಾವ್, ನೀರು ನಿಲ್ಲಿಸಿ, ಕುಂಡದ ಕೆಳಗಿನ ತಟ್ಟೆ ತೆಗೆಯಿರಿ. ಮೆತ್ತಗೆ, ಕಪ್ಪಗೆ ಇದ್ದರೆ ಬೇರು ಕೊಳೆತಿದೆ. ಆಗ ತುದಿಯ 3-4 ಇಂಚು ಕೊಯ್ದು, ಕೊಯ್ದ ಜಾಗ ನೋಡಿ. ನಡುವೆ ಕಂದು ಚುಕ್ಕಿ ಇದ್ದರೆ ಇನ್ನೂ ಮೇಲೆ ಕೊಯ್ಯಿರಿ. ಪೂರ್ತಿ ತಿಳಿ ಹಸಿರು ಕಾಣುವವರೆಗೆ ಬಿಡಬೇಡಿ. ನೆರಳಲ್ಲಿ 2-3 ದಿನ ಗಾಯ ಒಣಗಿಸಿ, ತೇವದ ಮರಳಿಗೆ ಚುಚ್ಚಿ. ಎರಡು ಮೂರು ವಾರದಲ್ಲಿ ಬೇರು ಬರುತ್ತದೆ. ನಮ್ಮ ಕಾಡುಬಸಳೆ ಇದರ ನೆಂಟ. ಶಾಲೆಗೆ ಹೋಗುವಾಗ ಅದರ ಎಲೆ ಪುಸ್ತಕದೊಳಗೆ ಇಟ್ಟು ಅಂಚಲ್ಲಿ ಮರಿ ಬಂತಾ ಅಂತ ದಿನಾ ನೋಡುತ್ತಿದ್ದೆವು. ಇದರ ಎಲೆಯ ಅಂಚಲ್ಲಿ ಹಾಗೆ ಮರಿ ಬರುವುದಿಲ್ಲ, ಟಿಸಿಲೇ ನೆಡಬೇಕು.

ಬರೀ ತೋಟದ ಮಣ್ಣು ತುಂಬಬೇಡಿ, ನೀರು ಕಟ್ಟುತ್ತದೆ. ಒಂದು ಪಾಲು ಮಣ್ಣು, ಒಂದು ಪಾಲು ಹೊಳೆ ಮರಳು, ಒಂದು ಪಾಲು ಜಂಬಿಟ್ಟಿಗೆಯ ಸಣ್ಣ ಚೂರು, ಅರ್ಧ ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಮಣ್ಣಿನ ಕುಂಡವಾದರೆ ಒಳ್ಳೆಯದು, ಚಿಕ್ಕದೇ ಇರಲಿ. ಎಲೆಯ ಸಂದಿಯಲ್ಲಿ ಬಿಳಿ ಹಿಟ್ಟಿನಂಥ ಹುಳ ಕಂಡರೆ ಹತ್ತಿಗೆ ಸ್ಪಿರಿಟ್ ಮುಟ್ಟಿಸಿ ಒರೆಸಿ ತೆಗೆಯಿರಿ. ಹೂ ಒಣಗಿದ ಮೇಲೆ ಆ ಕಡ್ಡಿಯನ್ನು ಬುಡದವರೆಗೆ ಕತ್ತರಿಸಿದರೆ ಗಿಡ ಉದ್ದುದ್ದ ಹೋಗದೆ ತುಂಬಿಕೊಳ್ಳುತ್ತದೆ. ಗೊಬ್ಬರ ಕೊಡುವುದಾದರೆ ಆಗ ಸ್ವಲ್ಪ ಕೊಡಿ.

ಮರೆತಿದ್ದೆ, ಕತ್ತರಿಸಿದ್ದನ್ನು ಬೇಲಿಯಾಚೆ ಎಸೆಯಬೇಡಿ. ಇದರ ಎಲೆ, ಹೂ ಎರಡರಲ್ಲೂ ಹೃದಯಕ್ಕೆ ತಾಗುವ ವಿಷ ಇದೆ, ಹೂವಿನಲ್ಲಿ ಇನ್ನೂ ಹೆಚ್ಚು. ದನ ಕರು ಬಾಯಿ ಹಾಕಿದರೆ ಕಷ್ಟ, ಮನೆಯ ಬೆಕ್ಕಿಗೂ ಅಷ್ಟೇ. ನಾನು ಗುಂಡಿ ತೆಗೆದು ಮುಚ್ಚುತ್ತೇನೆ.

ಬುಡದ ಫೋಟೋ, ಕೊಯ್ದಿದ್ದರೆ ಆ ಜಾಗದ್ದೂ, ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ. ಪೂರ್ತಿ ಹೋಗಿದ್ದರೂ ಬೇಜಾರು ಬೇಡ. ನನ್ನ ಹತ್ತಿರ ಕೆಂಪು, ಹಳದಿ ಎರಡೂ ಇವೆ, ಸಾಗರದ ಕಡೆ ಬಂದಾಗ ನಾಲ್ಕು ಟಿಸಿಲು ಕೊಡುತ್ತೇನೆ. ಬರುವಾಗ ನಿಮ್ಮ ಆ ನೇರಳೆ ಡೇರೆಯ ಒಂದು ಗೆಡ್ಡೆ ಹಿಡಿದುಕೊಂಡು ಬನ್ನಿ.