ಹಣದ ಮಾತು, ಮಾನದ ಮಾತು: ಸಿಂಧನೂರಿನ ಓದುಗರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಸಿಂಧನೂರು ತಾಲ್ಲೂಕಿನಿಂದ ತಾವು ಬರೆದ ಪತ್ರದಲ್ಲಿ ಎರಡು ಸಂಗತಿಗಳಿವೆ. ಊರಿನ ರೈತರ ವಾಟ್ಸ್ಆಪ್ ಗುಂಪಿಗೆ ಪಿಎಂ ಕಿಸಾನ್ ಹೆಸರಿನಲ್ಲಿ ಬಂದ ಫೈಲನ್ನು ಒತ್ತಿ ತಮ್ಮ ಭಾವನವರು ಭತ್ತ ಮಾರಿದ ಹಣ ಕಳೆದುಕೊಂಡರು. ಅದೇ ವಾರ, ಪಿಯುಸಿ ಓದುವ ತಮ್ಮ ಮಗನ ಗೆಳೆಯರ ಗುಂಪಿನಲ್ಲಿ ಸಹಪಾಠಿಯೊಬ್ಬಳ ಖಾಸಗಿ ಚಿತ್ರ ಹರಿದಾಡಿತು, ಅವನೂ ಅದನ್ನು ಒಬ್ಬರಿಗೆ ಕಳುಹಿಸಿದ. ‘ಮೊದಲನೆಯದು ರಕ್ಷಣೆಯ ಪ್ರಶ್ನೆ, ಅದನ್ನು ಬರೆಯಿರಿ, ಎರಡನೆಯದು ಸಂಸ್ಕಾರದ್ದು, ಫೋನು ಕಸಿದುಕೊಂಡರೆ ಮುಗಿಯಿತು’ ಎಂದಿದ್ದೀರಿ. ಈ ವಿಂಗಡಣೆಯನ್ನು ನಾವು ಒಪ್ಪುವುದಿಲ್ಲ.

ಭಾವನವರ ವಿಷಯವನ್ನೇ ನೋಡೋಣ. ಪಿಎಂ ಕಿಸಾನ್ ಯೋಜನೆಯ ವರ್ಷದ 6,000 ರೂಪಾಯಿ ಮೂರು ಕಂತುಗಳಲ್ಲಿ ನೇರವಾಗಿ ಖಾತೆಗೆ ಜಮೆಯಾಗುತ್ತದೆ. ಅದಕ್ಕೆ ವಾಟ್ಸ್ಆಪ್‌ನಲ್ಲಿ ಬರುವ ಯಾವ ಎಪಿಕೆ ಫೈಲೂ (ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಫೈಲು) ಬೇಕಿಲ್ಲ. ಪ್ಲೇ ಸ್ಟೋರಿನ ಹೊರಗಿನಿಂದ ಬರುವ ಇಂತಹ ಫೈಲು ಮೊದಲು ಕೇಳುವುದೇ ಎಸ್ಎಂಎಸ್ ಓದುವ ಅನುಮತಿಯನ್ನು. ಅದನ್ನು ಕೊಟ್ಟ ಮೇಲೆ ಬ್ಯಾಂಕಿನ ಒಟಿಪಿಯನ್ನು ನಾವು ಬಾಯಿಬಿಟ್ಟು ಯಾರಿಗೂ ಹೇಳಬೇಕಾಗಿಲ್ಲ, ವಂಚಕ ತಾನೇ ಓದಿಕೊಳ್ಳುತ್ತಾನೆ. ಭಾವನವರು ನಂಬಿದ್ದು ಅದು ಪರಿಚಿತರೊಬ್ಬರ ನಂಬರಿನಿಂದ ಬಂದಿದ್ದರಿಂದ, ಆ ಪರಿಚಿತರು ಅದು ಏನೆಂದು ವಿಚಾರಿಸದೆ ಮುಂದಕ್ಕೆ ತಳ್ಳಿದ್ದರಿಂದ. ತಮ್ಮ ಮಗ ಮಾಡಿದ್ದೂ ಇದನ್ನೇ ಅಲ್ಲವೇ? ಎರಡೂ ಕಡೆ ಕೇಡು ಹಬ್ಬಿದ್ದು ಗುರುತಿನವರ ಕೈಯಿಂದಲೇ.

ನಮ್ಮ ಕಡೆ ಇದು ಬಹಳ ಸಲೀಸಾಗಿ ನಡೆಯುತ್ತದೆ. ಬೆಳೆ ವಿಮೆಗೋ ಸಾಲಕ್ಕೋ ಆಧಾರ್, ಪಹಣಿ, ಪಾಸ್‌ಬುಕ್ಕುಗಳ ಫೋಟೊಗಳನ್ನು ಜೆರಾಕ್ಸ್ ಅಂಗಡಿಯವರ ನಂಬರಿಗೆ ಕಳುಹಿಸಿ, ಪ್ರಿಂಟು ಪಡೆದು ಹೊರಟುಬಿಡುತ್ತೇವೆ. ಅವು ಆ ಕಂಪ್ಯೂಟರಿನಲ್ಲಿ ಉಳಿದವೋ ಅಳಿಸಿದವೋ ಎಂದು ಕೇಳುವುದಿಲ್ಲ. ಇನ್ನು ಕೆಲವರು ನೆರೆಯವರ ದಾಖಲೆಗಳನ್ನೂ ಸಹಾಯವೆಂದೇ ಗುಂಪಿಗೆ ಹಾಕುತ್ತಾರೆ, ಅವರನ್ನು ಒಂದು ಮಾತು ಕೇಳದೆಯೇ. ಆಧಾರ್ ಕೊಡುವ ಪ್ರಾಧಿಕಾರವಾದ ಯುಐಡಿಎಐನ ಜಾಲತಾಣದಲ್ಲಿ ಕೊನೆಯ 4 ಅಂಕಿಗಳಷ್ಟೇ ಕಾಣುವ ಮಾಸ್ಕ್ಡ್ ಆಧಾರ್ ಸಿಗುತ್ತದೆ. ಪೂರ್ಣ ಸಂಖ್ಯೆ ಕೇಳದ ಕಡೆ ಅದನ್ನೇ ಕೊಡಿ. ಖಾಸಗಿತನ ಪಟ್ಟಣದವರ ಶೋಕಿಯೆಂದು ಭಾವಿಸುವವರೂ ಇದ್ದಾರೆ. 2017ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಅದನ್ನು ಮೂಲಭೂತ ಹಕ್ಕೆಂದು ಸಾರಿದ್ದು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ.

ಆ ಹುಡುಗಿಗೂ ಅದೇ ಹಕ್ಕಿದೆ. ವ್ಯಕ್ತಿಯ ಖಾಸಗಿ ಅಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆಯುವುದೂ ಹಂಚುವುದೂ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನ ಪ್ರಕಾರ 3 ವರ್ಷಗಳವರೆಗಿನ ಸೆರೆಗೆ ಗುರಿಯಾಗುವ ಅಪರಾಧ. ಅವಳಿಗೆ 18 ತುಂಬಿರದೆ, ಚಿತ್ರ ಅಶ್ಲೀಲವಾಗಿದ್ದರೆ 67ಬಿ ಕಲಮು ಇನ್ನೂ ಕಠಿಣ: ಮೊದಲ ಸಲಕ್ಕೇ 5 ವರ್ಷಗಳವರೆಗೆ ಸೆರೆ, 10 ಲಕ್ಷ ರೂಪಾಯಿಗಳವರೆಗೆ ದಂಡ. ‘ನಾನು ಬರೀ ಫಾರ್ವರ್ಡ್ ಮಾಡಿದೆ’ ಎಂಬ ಸಮಜಾಯಿಷಿ ಇಲ್ಲಿ ಕೆಲಸಕ್ಕೆ ಬಾರದು.

ಫೋನು ಕಸಿದುಕೊಳ್ಳುವುದರಿಂದ ಮಗ ಕಲಿಯುವುದು ಬಚ್ಚಿಡುವುದನ್ನು ಮಾತ್ರ. ನಾಳೆ ಅವನಿಗೇ ಯಾರಾದರೂ ಚಿತ್ರ ತೋರಿಸಿ ಹಣಕ್ಕೆ ಬೆದರಿಸಿದರೆ, ಮನೆಯಲ್ಲಿ ಹೇಳಿದರೆ ಫೋನು ಹೋಗುತ್ತದೆಂದು ಅವನು ಬಾಯಿ ತೆರೆಯದಿರುವುದೇ ಹೆಚ್ಚು ಅಪಾಯ. ಆ ಚಿತ್ರದಿಂದ ಯಾರಿಗೆ ಏನಾಯಿತೆಂದು ಅವನೊಡನೆ ಕೂತು ಮಾತಾಡಿ.

ಭಾವನವರು ಮರುದಿನ ಬ್ಯಾಂಕಿಗೆ ಹೋದರೆಂದು ಬರೆದಿದ್ದೀರಿ. ಹಣ ಹೋದದ್ದು ಗೊತ್ತಾದ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಣ ಖಾತೆಯಿಂದ ಖಾತೆಗೆ ದಾಟಿಹೋಗುವ ಮೊದಲು ತಡೆಹಿಡಿಯಲು ಆಗ ಅವಕಾಶವಿರುತ್ತದೆ. ಈಗಲೂ ದೂರು ಕೊಡಲಿ, ಆ ಫೈಲನ್ನು ಫೋನಿನಿಂದ ತೆಗೆಸಲಿ. ಹುಡುಗಿಯ ವಿಷಯದಲ್ಲಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಹೆಂಗಸರು ಮಕ್ಕಳ ಇಂತಹ ಚಿತ್ರಗಳ ಬಗ್ಗೆ ಹೆಸರು ಹೇಳದೆಯೂ ದೂರು ಕೊಡಬಹುದು. ಸಾಕ್ಷಿಗೆಂದು ಆ ಚಿತ್ರವನ್ನು ಮತ್ತೆ ಯಾರಿಗೂ, ಪರಿಚಯದ ಪೊಲೀಸರಿಗೂ ಕೂಡ, ಕಳುಹಿಸಬೇಡಿ. ಗುಂಪಿನ ಹೆಸರು, ಮೊದಲು ಹಾಕಿದವರ ನಂಬರು, ದಿನಾಂಕ ಮತ್ತು ವೇಳೆಯನ್ನು ಬರೆದಿಟ್ಟುಕೊಂಡು ಠಾಣೆಗೆ ಒಯ್ಯಿರಿ, ಆದರೆ ಅದಕ್ಕೂ ಮೊದಲು ಅವಳ ತಂದೆತಾಯಿಯನ್ನು ಕಂಡು ಅವರ ಇಚ್ಛೆ ಏನೆಂದು ಕೇಳಿ.

ಸಂಪಾದಕ