ಸ್ಯಾಡಲ್ ಉಜ್ಜುವ ಮೊದಲು ಇದನ್ನೊಂದು ಓದಿಬಿಡಿ ಸರ್

"15 ಸಾವಿರದೊಳಗೆ ಪಿಕಪ್ ಇರುವ ನೈಲಾನ್ ಗಿಟಾರ್ ಬೇಕು. ಒಂದು ನೋಡಿಟ್ಟಿದ್ದೇನೆ, ಫೋರ್ ಬ್ಯಾಂಡ್ ಈಕ್ಯೂ, ಟ್ಯೂನರ್, ಬ್ಲೂಟೂತ್ ಎಲ್ಲಾ ಇದೆ. ಆಕ್ಷನ್ ಸ್ವಲ್ಪ ಎತ್ತರ, ಮನೆಯಲ್ಲೇ ಸ್ಯಾಡಲ್ ಉಜ್ಜಿಕೊಳ್ಳುತ್ತೇನೆ" ಅಂತ ಬರೆದಿದ್ದೀರಿ. (ಹೊಸಬರಿಗೆ: ಪಿಕಪ್ ಅಂದರೆ ಗಿಟಾರಿನ ಸದ್ದನ್ನು ಆಂಪ್‌ಗೆ ಕಳಿಸುವ ಸಾಧನ, ಈಕ್ಯೂ ದನಿ ತಿದ್ದುವ ಸ್ಲೈಡರ್‌ಗಳು, ಆಕ್ಷನ್ ಅಂದರೆ ಫ್ರೆಟ್‌ನಿಂದ ಸ್ಟ್ರಿಂಗ್ ಎಷ್ಟು ಎತ್ತರ ಅನ್ನುವುದು, ಸ್ಯಾಡಲ್ ಅಂದರೆ ಗಿಟಾರಿನ ಹೊಟ್ಟೆ ಮೇಲಿನ ಬ್ರಿಡ್ಜ್‌ನಲ್ಲಿ ಸ್ಟ್ರಿಂಗ್ ಕೂರುವ ಸಣ್ಣ ಪಟ್ಟಿ.) ಸರ್, ಆರು ವರ್ಷದ ಹಿಂದೆ ನಾನು ಮಾಡಿದ್ದೂ ಇದನ್ನೇ. ಬ್ಲೂಟೂತ್ ಒಂದು ಇರಲಿಲ್ಲ, ಅಷ್ಟೇ.

ಆಗ ನನಗೆ ಗಿಟಾರಿಗಿಂತ ಅದರ ಪಕ್ಕೆಯಲ್ಲಿ ಕೂರಿಸಿದ್ದ ಪ್ರೀಆಂಪ್ ಡಬ್ಬಿಯೇ (ಪಿಕಪ್‌ನ ಸದ್ದು ಏರಿಸುವುದು) ಚೆಂದ ಕಂಡಿತ್ತು. ನೀಲಿ ಲೈಟು, ನಾಲ್ಕು ಸ್ಲೈಡರ್. ಅಂಗಡಿಯಲ್ಲಿ ಆಂಪ್‌ಗೆ ಹಾಕಿಯೂ ನೋಡಲಿಲ್ಲ. ಮನೆಗೆ ತಂದು ಸ್ಕೇಲ್ ಇಟ್ಟರೆ 12ನೇ ಫ್ರೆಟ್ ಮೇಲೆ ಆರನೇ ಸ್ಟ್ರಿಂಗ್ (ಎಲ್ಲಕ್ಕಿಂತ ದಪ್ಪದ್ದು) 5 ಮಿಲಿಮೀಟರ್ ಎತ್ತರದಲ್ಲಿದೆ. ನೈಲಾನ್‌ಗೆ ಅಲ್ಲಿ 4, ಒಂದನೇ ಸ್ಟ್ರಿಂಗ್‌ಗೆ 3 ಇದ್ದರೆ ಸರಿ. 12ರಲ್ಲಿ 1 ಮಿಲಿಮೀಟರ್ ಇಳಿಯಬೇಕಾದರೆ ಸ್ಯಾಡಲ್‌ನಲ್ಲಿ 2 ತೆಗೆಯಬೇಕು. ಲೆಕ್ಕವೇನೋ ನನಗೆ ಗೊತ್ತಿತ್ತು. ಸ್ಯಾಡಲ್ ಕಿತ್ತು, ಅಡುಗೆಮನೆ ಕಟ್ಟೆ ಮೇಲೆ ಸ್ಯಾಂಡ್‌ಪೇಪರ್ ಹಾಸಿ, ಬೆರಳಲ್ಲಿ ಹಿಡಿದು ಗರಗರ ಉಜ್ಜಿದೆ. ವಾಪಸ್ ಹಾಕಿದೆ. ಬೆಣ್ಣೆ ಹಾಗೆ ಒತ್ತುತ್ತಿತ್ತು. ಖುಷಿಯೋ ಖುಷಿ.

ಮರುವಾರ ಗಣೇಶನ ಪೆಂಡಾಲ್‌ನಲ್ಲಿ ಭಾವಗೀತೆ ಕಾರ್ಯಕ್ರಮ. ಕೇಬಲ್ ಹಾಕಿದರೆ ನಡುವಿನ ಎರಡು ಸ್ಟ್ರಿಂಗ್ ಮಾತ್ರ ಬಡಿಯುತ್ತಿವೆ, ಆರನೆಯದು ಪಿಸುಮಾತು, ಒಂದನೆಯದು ಇಲ್ಲವೇ ಇಲ್ಲ. ಸೌಂಡ್‌ನವರು ಗೇನ್ ಏರಿಸಿದರು, ಇಡೀ ಸ್ಟೇಜ್ ಕುಯ್ಯೋ ಅಂತ ಕೂಗಿತು. ಹಾಡುತ್ತಿದ್ದ ಮೇಡಂ ತಿರುಗಿ ನೋಡಿದ ನೋಟ ಇನ್ನೂ ಮರೆತಿಲ್ಲ. ಆಮೇಲೆ ಪೂರ್ತಿ ಕಾರ್ಯಕ್ರಮ ಆ ನಡುವಿನ ಎರಡು ಸ್ಟ್ರಿಂಗ್ ಕುಟ್ಟಿಕೊಂಡು ಕೂತೆ.

ಆಗಿದ್ದು ಇಷ್ಟು. ಈ ಗಿಟಾರ್‌ಗಳಲ್ಲಿ ಪೀಜೋ ಪಟ್ಟಿ (ಒತ್ತಡವನ್ನು ಸಿಗ್ನಲ್ ಮಾಡುವ ಪಿಕಪ್) ಸ್ಯಾಡಲ್ ಕೆಳಗೆ ಮಲಗಿರುತ್ತದೆ. ಅದಕ್ಕೆ ಬೇಕಾಗಿರುವುದು ಒತ್ತಡ. ಕೈಯಲ್ಲಿ ಹಿಡಿದು ಉಜ್ಜಿದರೆ ನಮಗೆ ಗೊತ್ತಿಲ್ಲದೇ ಸ್ಯಾಡಲ್ ಆಚೀಚೆ ವಾಲುತ್ತದೆ, ಎರಡೂ ತುದಿ ಜಾಸ್ತಿ ಸವೆದು ತಳ ದೋಣಿಯಾಗುತ್ತದೆ. ನಡುವೆ ಒತ್ತುತ್ತದೆ, ತುದಿಯಲ್ಲಿ ಗಾಳಿ. ಪಿಕಪ್ ಇಲ್ಲದ ಗಿಟಾರ್‌ನಲ್ಲಿ ಈ ತಪ್ಪು ಅಷ್ಟಾಗಿ ಗೊತ್ತೇ ಆಗುವುದಿಲ್ಲ, ಇದರಲ್ಲಿ ಸ್ಟ್ರಿಂಗೇ ಮಾಯ.

ಉಜ್ಜಲೇಬೇಕು ಅಂದರೆ ಹಳೆಯ ಸ್ಯಾಡಲ್ ಮುಟ್ಟಬೇಡಿ, ಬೋನ್ ಸ್ಯಾಡಲ್ ಒಂದು ಹೊಸದು ತಗೊಳ್ಳಿ. ಗಾಜಿನ ತುಂಡಿನ ಮೇಲೆ ಡಬಲ್ ಟೇಪ್ ಹಾಕಿ 240 ನಂಬರ್ ಸ್ಯಾಂಡ್‌ಪೇಪರ್ ಅಂಟಿಸಿ. ಸ್ಯಾಡಲ್ ಅನ್ನು ಚೌಕದ ಮರದ ತುಂಡಿಗೆ ಒರಗಿಸಿ, ಎರಡನ್ನೂ ಒಟ್ಟಿಗೆ ತಳ್ಳಿ. ತಳಕ್ಕೆ ಮೊದಲೇ ಕಪ್ಪು ಮಾರ್ಕರ್ ಬಳಿದಿರಿ. ಇಂಕು ಎಲ್ಲ ಕಡೆ ಒಂದೇ ಸಮ ಹೋದರೆ ತಳ ಸಪಾಟಾಗಿದೆ ಅಂತ. ಕೊನೆಗೆ 400ರಲ್ಲಿ ನಾಲ್ಕು ಸಲ. ಸ್ಟೀಲ್ ಸ್ಕೇಲ್‌ಗೆ ಹಿಡಿದು ಬೆಳಕಿಗೆ ಎತ್ತಿ, ಸಂದಿಯಲ್ಲಿ ಬೆಳಕು ಕಂಡರೆ ಮತ್ತೆ ಉಜ್ಜಿ. ಸ್ಲಾಟ್‌ನಲ್ಲಿ ಬೆರಳಲ್ಲೇ ಇಳಿಯಬೇಕು, ಹಾಗಂತ ವಾಲಲೂಬಾರದು. ಫೆವಿಕ್ವಿಕ್ ಹಾಕಿದವರನ್ನೂ ನೋಡಿದ್ದೇನೆ, ದಯವಿಟ್ಟು ಬೇಡ.

ಆದರೆ ಇದೆಲ್ಲ ಯಾಕೆ? ಅಂಗಡಿಯಲ್ಲೇ ನೋಡಿ ತಗೊಂಡರೆ ಮುಗೀತಲ್ವಾ. 15 ಸೆಂಟಿಮೀಟರ್ ಸ್ಟೀಲ್ ಸ್ಕೇಲ್, ನಿಮ್ಮದೇ ಕೇಬಲ್, ಹೊಸ 9 ವೋಲ್ಟ್ ಬ್ಯಾಟರಿ ಜೇಬಲ್ಲಿಟ್ಟುಕೊಂಡು ಹೋಗಿ. ಅಂಗಡಿಯ ಬ್ಯಾಟರಿ ಅರ್ಧ ಸತ್ತಿದ್ದರೆ ಸೌಂಡ್ ಒಡೆಯುತ್ತದೆ, ನೀವು ಗಿಟಾರ್ ಮೇಲೆ ಹಾಕುತ್ತೀರಿ. 12ನೇ ಫ್ರೆಟ್ ಅಳೆಯಿರಿ. ಬ್ರಿಡ್ಜ್ ಮೇಲೆ ಸ್ಯಾಡಲ್ ಎಷ್ಟು ಎದ್ದು ಕಾಣುತ್ತದೆ ನೋಡಿ. ಆಕ್ಷನ್ ಎತ್ತರ ಇದ್ದು ಸ್ಯಾಡಲ್ ಆಗಲೇ ಗಿಡ್ಡ ಅಂದರೆ ಇಳಿಸಲು ಜಾಗವೇ ಇಲ್ಲ, ಎದ್ದು ಬನ್ನಿ. ಆಮೇಲೆ ಈಕ್ಯೂ ಎಲ್ಲ ನಡುವಿಗೆ ಇಟ್ಟು ಆರು ಸ್ಟ್ರಿಂಗ್ ಒಂದೊಂದಾಗಿ ಒಂದೇ ಬಲದಲ್ಲಿ ಮೀಟಿ. ಒಂದು ಮಂಕಾದರೂ ಬೇರೆ ಪೀಸ್ ಕೇಳಿ. ಆರನೇ ಸ್ಟ್ರಿಂಗಿನ ಮೂರನೇ ಫ್ರೆಟ್ ಒತ್ತಿ ನೋಡಿ, 98 ಹರ್ಟ್ಸ್ ಆಸುಪಾಸಲ್ಲೇ ಕ್ಲಾಸಿಕಲ್ ಗಿಟಾರಿನ ಹೊಟ್ಟೆ ತಾನಾಗಿ ಗುಂಯ್ ಅನ್ನುವುದು. ಸ್ಟೇಜ್ ಮೇಲೆ ಮೊದಲು ಕೂಗುವುದೂ ಅಲ್ಲೇ. ಡಬ್ಬಿಯಲ್ಲಿ ನನಗೆ ಬೇಕಾದ್ದು ಆ ಕೂಗು ತಗ್ಗಿಸುವ ಫೇಸ್ ಬಟನ್ ಒಂದೇ. ಟ್ಯೂನರ್ ಕ್ಲಿಪ್ಪಿನದು ಸಾಕು. ಬ್ಲೂಟೂತ್ ಮಕ್ಕಳಾಟ.

ಬ್ರ್ಯಾಂಡ್ ಬಗ್ಗೆ ನನ್ನ ಅಭಿಪ್ರಾಯ, ಜಗಳ ಬೇಡ. ಯಮಹಾ ಸಿಎಕ್ಸ್40 ಅಂದರೆ ಸಿ40ಗೆ ಪಿಕಪ್ ಕೂರಿಸಿದ್ದು. ಟಾಪ್ (ಮುಂದಿನ ಹಲಗೆ) ಲ್ಯಾಮಿನೇಟ್, ಅಂದರೆ ಪದರ ಅಂಟಿಸಿದ್ದು. ನಟ್, ಅಂದರೆ ಕತ್ತಿನ ತುದಿಯಲ್ಲಿ ಸ್ಟ್ರಿಂಗ್ ಹಾಯುವ ಪಟ್ಟಿ, 52 ಮಿಲಿಮೀಟರ್ ಅಗಲ. ಥ್ರಿಲ್ ಇಲ್ಲ, ತಲೆನೋವೂ ಇಲ್ಲ. ಆದರೆ ನೀವು ಸ್ಟೀಲ್ ಸ್ಟ್ರಿಂಗ್‌ನಿಂದ ಬರುವವರು, ಅಲ್ಲಿ ನಟ್ 43 ಇರುತ್ತದೆ. 52 ಮೊದಲ ತಿಂಗಳು ಅಗಲ ಅನ್ನಿಸುತ್ತದೆ. ಆ ಅಗಲ ಬೇಡವಾದರೆ ಐಬನೇಜ್ ಜಿಎ5ಟಿಸಿಇ ಹಿಡಿದು ನೋಡಿ, 46 ನಟ್, ತೆಳು ಬಾಡಿ. ಪ್ಲಗ್ ಹಾಕದೇ ನುಡಿಸಿದರೆ ಸ್ವಲ್ಪ ಬಡಕಲು ದನಿ, ಸ್ಟೇಜ್‌ಗೆ ಅದೇ ಅನುಕೂಲ. ಕಾರ್ಡೊಬಾ ಸಿ5-ಸಿಇ ಟಾಪ್ ಸಾಲಿಡ್ ಸೀಡರ್ (ಪದರವಿಲ್ಲದ ಇಡೀ ಮರ), ಕೇಳಲು ಸೊಗಸು, ನಿಮ್ಮ ಬಜೆಟ್‌ಗೆ ಸೆಕೆಂಡ್‌ಹ್ಯಾಂಡ್ ಸಿಕ್ಕರೆ ಅದೃಷ್ಟ. ನಿಮ್ಮದು ಬರೀ ಕಾರ್ಯಕ್ರಮಕ್ಕೆ ಅಂದರೆ ಸಾಲಿಡ್ ಟಾಪ್‌ಗೆ ಜಾಸ್ತಿ ದುಡ್ಡು ಸುರಿಯಬೇಡಿ. ಪೀಜೋದಲ್ಲಿ ಆ ವ್ಯತ್ಯಾಸ ಅರ್ಧ ಹೋಗುತ್ತದೆ, ಫೀಡ್‌ಬ್ಯಾಕ್ (ಆ ಕುಯ್ಯೋ ಕೂಗು) ಮಾತ್ರ ಬೇಗ ಬರುತ್ತದೆ. ನಮ್ಮ ಮಲೆನಾಡಿನ ಮಳೆಗೂ, ಕಲಬುರಗಿ ಕಡೆಯ ಬೇಸಿಗೆಗೂ ಲ್ಯಾಮಿನೇಟ್ ಗಟ್ಟಿ. ಇನ್ನೂ ಕಡಿಮೆ ಬೆಲೆಯವು ಒಂದೇ ಮಾಡೆಲ್‌ನಲ್ಲಿ ಒಂದೊಂದು ಪೀಸ್ ಒಂದೊಂದು ಥರ ಇರುತ್ತವೆ. ಕೈಗೆತ್ತಿಕೊಂಡು ನೋಡದೆ ಆನ್‌ಲೈನ್‌ನಲ್ಲಿ ತರಿಸಬೇಡಿ.

ಮೇಲೆ ಇಬ್ಬರು ಕೊಟ್ಟ ಸಲಹೆ ನೋಡಿ ಸುಮ್ನೆ ಇರಲಾಗಲಿಲ್ಲ. ಒಬ್ಬರು "ಸಾದಾ ಸಿ40 ತಗೊಂಡು ಸೌಂಡ್‌ಹೋಲ್‌ಗೆ ಮ್ಯಾಗ್ನೆಟಿಕ್ ಪಿಕಪ್ ಸಿಕ್ಕಿಸಿ" ಅಂದಿದ್ದಾರೆ. ಅಣ್ಣಾ, ನೈಲಾನ್‌ಗೆ ಆಯಸ್ಕಾಂತ ಏನು ಮಾಡುತ್ತದೆ? ಬೇಸ್ ಸ್ಟ್ರಿಂಗ್ ಮೇಲೆ ತಂತಿ ಸುತ್ತಿರುತ್ತಾರಲ್ಲ ಅಂತೀರಿ. ಅದು ಬೆಳ್ಳಿ ಲೇಪದ ತಾಮ್ರ, ಅದೂ ಆಯಸ್ಕಾಂತಕ್ಕೆ ಸಿಗುವುದಿಲ್ಲ. ಸಾದಾ ಗಿಟಾರ್‌ಗೆ ಸ್ಯಾಡಲ್ ಕೆಳಗಿನ ಪೀಜೋ, ಇಲ್ಲವೇ ಟಾಪ್‌ಗೆ ಅಂಟಿಸುವ ಕಾಂಟ್ಯಾಕ್ಟ್ ಪಿಕಪ್ ಹಾಕಬೇಕು. ಇನ್ನೊಬ್ಬರು "ಸೌಂಡ್ ಸಾಲದಿದ್ದರೆ ಸ್ಟೀಲ್ ಹಾಕಿ" ಅಂದಿದ್ದಾರೆ. ನೈಲಾನ್ ಸೆಟ್ ಒಟ್ಟು ಎಳೆಯುವುದು 40 ಕಿಲೋ ಹತ್ತಿರ, ಸ್ಟೀಲ್ 12ರ ಸೆಟ್ (ಒಂದನೇ ಸ್ಟ್ರಿಂಗ್ 0.012 ಇಂಚಿನದು) 70 ದಾಟುತ್ತದೆ. ಬ್ರಿಡ್ಜ್ ಎದ್ದು ಬರುತ್ತದೆ, ಹೊಟ್ಟೆ ಉಬ್ಬುತ್ತದೆ. ಹಾಗಾದ ಗಿಟಾರ್ ಒಂದು ನಮ್ಮ ಅಕ್ಕನ ಮನೆ ಅಟ್ಟದಲ್ಲಿದೆ.

ಇನ್ನೊಂದೆರಡು. ನುಡಿಸಿ ಆದಮೇಲೆ ಕೇಬಲ್ ಕಿತ್ತಿಡಿ, ಜ್ಯಾಕ್ ಒಳಗಿದ್ದಷ್ಟು ಹೊತ್ತೂ ಪ್ರೀಆಂಪ್ ಬ್ಯಾಟರಿ ಕುಡಿಯುತ್ತಲೇ ಇರುತ್ತದೆ. ನೈಲಾನ್ ಸ್ಟ್ರಿಂಗ್ ಕಾರ್ಯಕ್ರಮದ ದಿನ ಬದಲಾಯಿಸಬೇಡಿ, ನಾಲ್ಕೈದು ದಿನ ಮೊದಲೇ ಹಾಕಿ ದಿನಾ ಎಳೆದು ಟ್ಯೂನ್ ಮಾಡಿ. ಈಗಿರುವ ಕೇಪೋ (ಸ್ಟ್ರಿಂಗ್‌ಗಳನ್ನೆಲ್ಲ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್) ಕೆಲಸಕ್ಕೆ ಬರಲಿಕ್ಕಿಲ್ಲ, ಕ್ಲಾಸಿಕಲ್ ಫ್ರೆಟ್‌ಬೋರ್ಡ್ ಸಪಾಟು, ನೇರ ಪಟ್ಟಿಯದು ಬೇಕು.

ನೀವು ನೋಡಿಟ್ಟಿರುವುದಕ್ಕೆ ಅಡ್ವಾನ್ಸ್ ಕೊಟ್ಟಿಲ್ಲ ತಾನೇ? ಶನಿವಾರ ಅಂಗಡಿಗೆ ಹೋದಾಗ 12ನೇ ಫ್ರೆಟ್ ಅಳತೆ ಬರೆದು, ಸ್ಯಾಡಲ್ ಪಕ್ಕದಿಂದ ಕಾಣುವ ಹಾಗೆ ಒಂದು ಫೋಟೋ ಇಲ್ಲಿ ಹಾಕಿ. ಆ ಡಬ್ಬಿಯ ಫೋಟೋ ಬೇಡ.