ಹಳೇ ಲಿಂಕನ್ ಟೌನ್ ಕಾರ್, ಕ್ಯಾಡಿಲಾಕ್ ಫ್ಲೀಟ್‌ವುಡ್ ಕೊಳ್ಳುವಾಗ ಏನೇನು ನೋಡಬೇಕು?

ಒಹಾಯೊದಲ್ಲಿದ್ದೇನೆ, ವಾರಾಂತ್ಯಕ್ಕೆ ಓಡಿಸಲು ಹಳೇ ಅಮೆರಿಕನ್ ದೊಡ್ಡ ಸೆಡಾನ್ ಬೇಕು, ಕ್ಯಾಡಿಲಾಕ್ ಒಳ್ಳೆಯದೋ ಲಿಂಕನ್ ಒಳ್ಳೆಯದೋ, ಯಾವ ವರ್ಷದ್ದು ಕೊಳ್ಳಲಿ, ಎಷ್ಟು ಕೆಲಸ ಮನೆಯಲ್ಲೇ ಮಾಡಿಕೊಳ್ಳಬಹುದು ಎಂದು ಕೇಳಿದ್ದೀರಿ.

ಮೊದಲ ಕಾರು ಎಂದಾದರೆ 1991ರಿಂದ 1995ರೊಳಗಿನ ಲಿಂಕನ್ ಟೌನ್ ಕಾರ್ ತಗೊಳ್ಳಿ. ಇನ್ನೂ ಸ್ವಲ್ಪ ದುಡ್ಡು, ತಾಳ್ಮೆ ಎರಡೂ ಇದ್ದರೆ 1994ರಿಂದ 96ರ ಕ್ಯಾಡಿಲಾಕ್ ಫ್ಲೀಟ್‌ವುಡ್. 1970ರ ದಶಕದ ಕಾರುಗಳ ಆಸೆ ಇದ್ದರೂ ಅವನ್ನು ಎರಡನೇ ಕಾರಾಗಿ ಇಟ್ಟುಕೊಳ್ಳಿ.

ಯಾವುದನ್ನು ನೋಡಲು ಹೋದರೂ ಎಂಜಿನ್‌ಗಿಂತ ಮೊದಲು ಬಾಡಿ ಮತ್ತು ಒಳಾಂಗಣ ನೋಡಿ. ಟೌನ್ ಕಾರ್‌ನ 4.6 ಲೀಟರ್ ವಿ8 ಎಂಜಿನ್ನೂ ಅದರ ಪ್ಯಾಂಥರ್ ಚಾಸಿಯೂ ಪೊಲೀಸ್ ಕಾರು, ಟ್ಯಾಕ್ಸಿಗಳಾಗಿ ಓಡಿದ, ಲಿಂಕನ್‌ನ ಒಡೆಯ ಫೋರ್ಡ್ ಕಂಪನಿಯ ಕ್ರೌನ್ ವಿಕ್ಟೋರಿಯಾದಲ್ಲಿ 2011ರವರೆಗೂ ಇದ್ದವು. ಹಾಗಾಗಿ ವಾಟರ್ ಪಂಪು, ಬ್ರೇಕು, ಬಾಲ್ ಜಾಯಿಂಟು ಯಾವ ಊರಿನ ಬಿಡಿಭಾಗದ ಅಂಗಡಿಯಲ್ಲಾದರೂ ಸಿಗುತ್ತವೆ. ಫ್ಲೀಟ್‌ವುಡ್‌ನ 5.7 ಲೀಟರ್ ಎಂಜಿನ್ ಷೆವರ್ಲೆ ಸ್ಮಾಲ್ ಬ್ಲಾಕ್ ವಂಶದ್ದು, ಅದಕ್ಕೂ ಬಿಡಿಭಾಗದ ಚಿಂತೆಯಿಲ್ಲ. ಆದರೆ ಬಾಗಿಲ ಕೆಳಗಿನ ಹೊಳೆಯುವ ಪಟ್ಟಿ, ಹಿಂದಿನ ದೀಪದ ಗಾಜು, ಆ ಬಣ್ಣದ ಸೀಟಿನ ಚರ್ಮ ಹೊಸದಾಗಿ ಸಿಗುವುದು ಕಷ್ಟ. ಗುಜರಿಯಲ್ಲಿ ಹುಡುಕಬೇಕು, ಸಿಕ್ಕಿದ್ದೂ ಬಿಸಿಲಿಗೆ ಬಾಡಿರುತ್ತದೆ. ಸೀಟು, ಕ್ರೋಮ್, ಪೇಂಟು ಚೆನ್ನಾಗಿದ್ದು ಗೇರ್‌ಬಾಕ್ಸ್ ಹಾಳಾದ ಕಾರು, ಎಂಜಿನ್ ಚೆನ್ನಾಗಿದ್ದು ಬಾಡಿ ತುಕ್ಕು ಹಿಡಿದ ಕಾರಿಗಿಂತ ಎಷ್ಟೋ ಮೇಲು.

ನೀವಿರುವ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ. ಊರ ಕಾರು ನೋಡುವುದಾದರೆ ಹಳೇ ಬಟ್ಟೆ ಹಾಸಿ ಕೆಳಗೆ ಮಲಗಿ. ಹಿಂದಿನ ಆಕ್ಸಲ್ ಮೇಲೆ ಫ್ರೇಮ್ ಬಾಗುವ ಜಾಗ, ಬಾಡಿ ಫ್ರೇಮಿಗೆ ಕೂರುವ ಮೌಂಟ್‌ಗಳ ಸುತ್ತ, ಬ್ರೇಕ್ ಮತ್ತು ಪೆಟ್ರೋಲ್ ಪೈಪು, ಇಷ್ಟನ್ನು ಟಾರ್ಚ್ ಹಿಡಿದು ನೋಡಿ. ಸ್ಕ್ರೂಡ್ರೈವರ್ ಹಿಡಿಯಿಂದ ಫ್ರೇಮ್ ಮೇಲೆ ಬಡಿಯಿರಿ. ಗಟ್ಟಿ ಸದ್ದು ಬರಬೇಕು, ಪೊರೆ ಉದುರಬಾರದು. ವಿನೈಲ್ ಹೊದಿಕೆಯ ಛಾವಣಿ ಇದ್ದರೆ ಹಿಂದಿನ ಗಾಜಿನ ಕೆಳಮೂಲೆಗಳಲ್ಲಿ ಹೆಬ್ಬೆರಳಿಂದ ಒತ್ತಿ. ಗುಳ್ಳೆಯೆದ್ದು ಕರಕರ ಅಂದರೆ ಒಳಗೆ ತಗಡು ತಿಂದುಹೋಗಿದೆ, ನೀರು ಡಿಕ್ಕಿಗೆ ಇಳಿಯುತ್ತಿದೆ ಎಂದರ್ಥ. ಸ್ಪೇರ್ ಟೈರ್ ಎತ್ತಿ ಅದರಡಿಯ ತಗಡನ್ನೂ ನೋಡಿ. ಅರಿಜೋನಾ, ನ್ಯೂ ಮೆಕ್ಸಿಕೋ ಕಡೆಯ ಕಾರಿನಲ್ಲಿ ಡ್ಯಾಶ್‌ಬೋರ್ಡ್ ಬಿರಿದಿರುತ್ತದೆ, ರಬ್ಬರ್ ಒಣಗಿರುತ್ತದೆ. ಆದರೂ ತುಕ್ಕಿಗಿಂತ ಒಣಗಿದ ರಬ್ಬರ್ ಅಗ್ಗ. ನಾನಾದರೆ ಟ್ರೈಲರ್ ಬಾಡಿಗೆ ಕೊಟ್ಟಾದರೂ ಅಲ್ಲಿಂದಲೇ ತರಿಸಿಕೊಳ್ಳುತ್ತೇನೆ.

ಕ್ಯಾಡಿಲಾಕ್‌ಗಳಲ್ಲಿ, ಅದರಲ್ಲೂ 1977ರಿಂದ 1992ರವರೆಗಿನವುಗಳಲ್ಲಿ, ಬಂಪರ್‌ಗೂ ಬಾಡಿಗೂ ನಡುವೆ ಯುರೆಥೇನ್ ಫಿಲ್ಲರ್ ತುಂಡುಗಳಿವೆ. ಬಂಪರ್ ಒಳಕ್ಕೆ ಹೋಗುವಾಗ ಬಗ್ಗಲಿ ಎಂದು ಮೆತ್ತಗೆ ಮಾಡಿದ್ದು. ಇಷ್ಟು ವರ್ಷಕ್ಕೆ ಅವು ಹಪ್ಪಳದ ಹಾಗೆ ಮುರಿಯುತ್ತವೆ. ದೂರದಿಂದ ಪೇಂಟು ಹೊಳೆಯುತ್ತಿದ್ದರೂ ಬೆರಳಿಟ್ಟು ಒತ್ತಿ ನೋಡಿ. ಬದಲಿಗೆ ಎಬಿಎಸ್ ಪ್ಲಾಸ್ಟಿಕ್ ಅಥವಾ ಫೈಬರ್‌ಗ್ಲಾಸ್ ತುಂಡುಗಳು ಸಿಗುತ್ತವೆ. ಆದರೆ ಅವನ್ನು ಉಜ್ಜಿ, ಅಂಚು ಕೂಡಿಸಿ, ಬಣ್ಣ ಹೊಂದಿಸಬೇಕು. ನಾಲ್ಕೂ ಮೂಲೆ ಹೋಗಿದ್ದರೆ ಆ ಖರ್ಚನ್ನು ಬೆಲೆಯಲ್ಲಿ ಇಳಿಸಿ ಕೇಳಿ.

ಗ್ಯಾರೇಜಿನ ಅಳತೆಯನ್ನು ಮೊದಲೇ ತೆಗೆದುಕೊಳ್ಳಿ. 1990ರ ದಶಕದ ಟೌನ್ ಕಾರ್ ಸುಮಾರು 219 ಇಂಚು ಉದ್ದ, ಫ್ಲೀಟ್‌ವುಡ್ 225 ಇಂಚು. 1977–79ರ ಲಿಂಕನ್ ಕಾಂಟಿನೆಂಟಲ್ 233 ಇಂಚು. 20 ಅಡಿಯ ಗ್ಯಾರೇಜಿನಲ್ಲಿ ಅದನ್ನು ನಿಲ್ಲಿಸಿದರೆ ಉಳಿಯುವುದು 7 ಇಂಚು ಮಾತ್ರ.

ಇನ್ನು ಟೌನ್ ಕಾರ್. ಫೋರ್ಡ್‌ನ ಮಾಡ್ಯುಲರ್ ವಿ8, ಅಂದರೆ ಆ 4.6 ಲೀಟರ್ ಎಂಜಿನ್, ಮೊದಲು ಬಂದದ್ದೇ 1991ರ ಟೌನ್ ಕಾರ್‌ನಲ್ಲಿ. ಒಂಟಿ ಸೈಲೆನ್ಸರ್ ಇದ್ದರೆ 190 ಕುದುರೆ ಶಕ್ತಿ, ಜೋಡಿ ಇದ್ದರೆ 210. ಆರಂಭದ ವರ್ಷಗಳ ಎಂಜಿನ್‌ಗಳಲ್ಲಿ ವಾಲ್ವ್ ಸೀಲ್ ಗಟ್ಟಿಯಾಗಿ, ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ನೀಲಿ ಹೊಗೆ ಒಂದು ಸಲ ಬರುತ್ತದೆ. ಕೆಲವೇ ಕ್ಷಣದಲ್ಲಿ ನಿಂತರೆ ಹೆದರಬೇಡಿ, ನಿಲ್ಲದಿದ್ದರೆ ಬಿಟ್ಟುಬಿಡಿ. 1995ಕ್ಕೆ ಗೆರೆ ಎಳೆದದ್ದೇಕೆಂದರೆ 1996ರಿಂದ 2001ರವರೆಗೆ ಎಂಜಿನ್ನಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡನ್ನು ಪೂರ್ತಿ ಪ್ಲಾಸ್ಟಿಕ್‌ನಲ್ಲಿ ಮಾಡಿದರು. ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ) ಹಾದುಹೋಗುವ ಮುಂದಿನ ಅಡ್ಡದಾರಿ ಬಿಸಿಗೆ ಬಿರುಕು ಬಿಟ್ಟು ಆಲ್ಟರ್ನೇಟರ್ ಬಳಿ ಸೋರುತ್ತದೆ. ಆ ವರ್ಷಗಳ ಕಾರು ಇಷ್ಟವಾದರೆ ಅಲ್ಲಿ ಅಲ್ಯುಮಿನಿಯಂ ತುಂಡಿರುವ ಬದಲಿ ಮ್ಯಾನಿಫೋಲ್ಡ್ ಹಾಕಿದ್ದಾರಾ ನೋಡಿ. ಬೆಳ್ಳಿಬಣ್ಣದ ಲೋಹ ಮುಂದುಗಡೆ ಕಣ್ಣಿಗೆ ಬೀಳುತ್ತದೆ.

ಟೌನ್ ಕಾರ್ ಓಡಿಸಿದವರೆಲ್ಲ ನೆನೆಯುವುದು ಅದರ ತೇಲುವ ಸವಾರಿಯನ್ನು. ಹಿಂದಿನ ಏರ್ ಸಸ್ಪೆನ್ಷನ್‌ಗೆ ಅದರಲ್ಲಿ ದೊಡ್ಡ ಪಾಲು, ಹೆಚ್ಚು ಕಾಡುವುದೂ ಅದೇ. ಹಿಂದೆ ಸ್ಪ್ರಿಂಗ್ ಬದಲು ಎರಡು ರಬ್ಬರ್ ಏರ್ ಬ್ಯಾಗ್, ಪ್ರತಿಯೊಂದರ ನೆತ್ತಿಯಲ್ಲಿ ಕರೆಂಟಿನಿಂದ ತೆರೆದು ಮುಚ್ಚುವ ಒಂದು ಸೊಲೆನಾಯ್ಡ್ ವಾಲ್ವ್, ಬಾನೆಟ್ ಕೆಳಗೆ ಕಂಪ್ರೆಸರ್, ಆಕ್ಸಲ್ ಬಳಿ ಎತ್ತರ ಅಳೆಯುವ ಸೆನ್ಸರ್. ಕಾರು ನೋಡಲು ಹೋಗುವ ಹಿಂದಿನ ದಿನವೇ, ರಾತ್ರಿಯಿಂದ ಸ್ಟಾರ್ಟ್ ಮಾಡದೆ ಇಡಿ ಎಂದು ಮಾರುವವರಿಗೆ ಹೇಳಿ. ಹೋದಾಗ ಬಾಲ ನೆಲಕ್ಕೆ ಕೂತಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ. ಸೋರಿಕೆ ಸಣ್ಣದೇ ಇರಬಹುದು, ಆದರೆ ಅದನ್ನು ತುಂಬಲು ಕಂಪ್ರೆಸರ್ ಬಿಡುವಿಲ್ಲದೆ ಓಡಿ ಸುಟ್ಟುಹೋಗುತ್ತದೆ. ಆಮೇಲೆ ಜನ ಕಂಪ್ರೆಸರ್ ಮಾತ್ರ ಬದಲಿಸುತ್ತಾರೆ, ಹೊಸದೂ ಅದೇ ದಾರಿ ಹಿಡಿಯುತ್ತದೆ. ಮೊದಲು ಸೋರಿಕೆ ಹುಡುಕಿ. ಸೋಪು ನೀರನ್ನು ಬ್ಯಾಗಿನ ಮಡಿಕೆಗಳಿಗೂ ಸೊಲೆನಾಯ್ಡ್ ಸುತ್ತಲೂ ಸಿಂಪಡಿಸಿ. ಗುಳ್ಳೆ ಮಡಿಕೆಯಲ್ಲಿ ಬಂದರೆ ಬ್ಯಾಗ್ ಹೋಗಿದೆ, ಸೊಲೆನಾಯ್ಡ್ ಬುಡದಲ್ಲಿ ಬಂದರೆ ಬರೀ ಓ-ರಿಂಗ್ ಎಂಬ ರಬ್ಬರ್ ಉಂಗುರ.

ಬದಲಿಸುವ ಕೆಲಸ ಮನೆಯಲ್ಲೇ ಆಗುತ್ತದೆ. ಜಾಕ್ ಹಾಕುವ ಮೊದಲು ಡಿಕ್ಕಿಯಲ್ಲಿರುವ ಏರ್ ಸಸ್ಪೆನ್ಷನ್ ಸ್ವಿಚ್ ಆಫ್ ಮಾಡಲೇಬೇಕು, ಪಂಕ್ಚರ್ ಆಗಿ ಚಕ್ರ ಬಿಚ್ಚುವಾಗಲೂ ಅಷ್ಟೇ. ಆಮೇಲೆ ಫ್ರೇಮಿಗೆ ಸ್ಟ್ಯಾಂಡ್ ಕೊಟ್ಟು ಆಕ್ಸಲ್ ಇಳಿಬಿಡಿ. ಸೊಲೆನಾಯ್ಡಿನ ಕ್ಲಿಪ್ ತೆಗೆದು ಎಡಕ್ಕೆ ತಿರುಗಿಸಿದರೆ ಮೊದಲ ತಡೆಗೆ ಬಂದು ನಿಲ್ಲುತ್ತದೆ. ಅಲ್ಲೇ ಬಿಟ್ಟು ಗಾಳಿ ಪೂರ್ತಿ ಹೊರಹೋಗಲಿ. ಸದ್ದು ನಿಂತ ಮೇಲಷ್ಟೇ ಮತ್ತೆ ತಿರುಗಿಸಿ ಎಳೆಯಿರಿ. ಒತ್ತಡ ಇರುವಾಗಲೇ ಎಳೆದರೆ ಅದು ಗುಂಡಿನಂತೆ ಹಾರುತ್ತದೆ, ಕಣ್ಣಿಗೆ ಕನ್ನಡಕ ಇರಲಿ. ಹೊಸ ಓ-ರಿಂಗ್‌ಗೆ ಸಿಲಿಕೋನ್ ಗ್ರೀಸ್ ಸವರಿ ಕೂರಿಸಿ. ಹೊಸ ಬ್ಯಾಗಿಗೆ ಗಾಳಿ ತುಂಬುವ ಮೊದಲು ಕಾರಿನ ಪೂರ್ತಿ ಭಾರ ಅದರ ಮೇಲೆ ಬರಕೂಡದು. ಖಾಲಿ ಬ್ಯಾಗ್ ಮೇಲೆ ಕಾರು ಕೂತರೆ ರಬ್ಬರ್ ಅಡ್ಡಾದಿಡ್ಡಿ ಮಡಚಿ ಹರಿಯುತ್ತದೆ. ಬ್ಯಾಗ್ ಒಂದೇ ಹೋಗಿದ್ದರೂ ಎರಡೂ ಬದಲಿಸಿ, ಇನ್ನೊಂದರ ವಯಸ್ಸೂ ಅಷ್ಟೇ ಇರುತ್ತದೆ. ಇದೆಲ್ಲ ಬೇಡ ಎಂದು ಕಾಯಿಲ್ ಸ್ಪ್ರಿಂಗ್ ಹಾಕಿಸಿಕೊಂಡವರು ಬಹಳ ಮಂದಿ. ತಪ್ಪೇನಿಲ್ಲ, ಆದರೆ ಆ ಸವಾರಿಗಾಗಿಯೇ ಈ ಕಾರು ಕೊಳ್ಳುತ್ತಿದ್ದರೆ ಗಾಳಿಯನ್ನೇ ಉಳಿಸಿಕೊಳ್ಳಿ.

ಇನ್ನೊಂದು, ಇದನ್ನು ಮಾತ್ರ ಮರೆಯಬೇಡಿ. 1990ರ ದಶಕದ ಹಲವು ಫೋರ್ಡ್, ಲಿಂಕನ್ ಕಾರುಗಳಲ್ಲಿ ಕ್ರೂಸ್ ಕಂಟ್ರೋಲ್ ಕಡಿತಗೊಳಿಸುವ ಒಂದು ಪುಟ್ಟ ಸ್ವಿಚ್ ಬ್ರೇಕ್ ಮಾಸ್ಟರ್ ಸಿಲಿಂಡರ್ ಬಳಿ ಇದೆ. ಕೀ ತೆಗೆದ ಮೇಲೂ ಅದಕ್ಕೆ ಕರೆಂಟು ಹರಿಯುತ್ತಿರುತ್ತದೆ. ಒಳಗಿನ ಪೊರೆ ಸವೆದು ಬ್ರೇಕ್ ಎಣ್ಣೆ ಕಾಂಟ್ಯಾಕ್ಟ್‌ಗಳಿಗೆ ತಾಗಿ, ನಿಲ್ಲಿಸಿದ ಕಾರಿಗೇ ಬೆಂಕಿ ಹತ್ತಿದ ಪ್ರಕರಣಗಳಿಂದಾಗಿ ದೊಡ್ಡ ರೀಕಾಲ್ (ಕಂಪನಿಯೇ ಕಾರುಗಳನ್ನು ಕರೆಸಿ ಸರಿಪಡಿಸುವುದು) ನಡೆಯಿತು. ಕಾರಿನ ಗುರುತಿನ ವಿಐಎನ್ ಸಂಖ್ಯೆಯನ್ನು ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎಯ ತಾಣದಲ್ಲಿ ಹಾಕಿ ನೋಡಿ, ಡೀಲರ್‌ಗೂ ಫೋನ್ ಮಾಡಿ. ರೀಕಾಲ್ ಕೆಲಸ ಆಗಿರದಿದ್ದರೆ, ಆಗುವವರೆಗೆ ಆ ಸ್ವಿಚ್ಚಿನ ಪ್ಲಗ್ ಕಳಚಿಡಿ, ಮನೆಗೆ ಅಂಟಿದ ಗ್ಯಾರೇಜಿನಲ್ಲಿ ನಿಲ್ಲಿಸಬೇಡಿ. ಕ್ರೂಸ್ ಕೆಲಸ ಮಾಡುವುದಿಲ್ಲ, ಅಷ್ಟೇ.

ಪವರ್ ಕಿಟಕಿಯ ಮೋಟಾರು ಓಡುವ ಸದ್ದು ಬರುತ್ತದೆ, ಗಾಜು ಅಲುಗುವುದಿಲ್ಲ ಎಂದರೆ ಮೋಟಾರು ಬದಲಿಸಬೇಡಿ. ಗೇರಿನೊಳಗಿನ ಮೂರು ಪ್ಲಾಸ್ಟಿಕ್ ಬಿರಡೆಗಳು ಪುಡಿಯಾಗಿರುತ್ತವೆ, ಅವಷ್ಟೇ ಬೇರೆಯಾಗಿ ಅಗ್ಗಕ್ಕೆ ಸಿಗುತ್ತವೆ. ಮೋಟಾರು ಬಿಚ್ಚುವ ಮೊದಲು ಗಾಜನ್ನೂ ಅದನ್ನೆತ್ತುವ ತೋಳನ್ನೂ ಗಟ್ಟಿಯಾಗಿ ಹಿಡಿದು ಕಟ್ಟಿ. ಅಲ್ಲಿರುವ ಸುರುಳಿ ಸ್ಪ್ರಿಂಗ್ ತಟ್ಟನೆ ಬಿಚ್ಚಿಕೊಂಡರೆ ಬೆರಳಿಗೆ ಅಪಾಯ.

ಫ್ಲೀಟ್‌ವುಡ್ ವಿಷಯಕ್ಕೆ ಬಂದರೆ, ಟೆಕ್ಸಸ್‌ನ ಆರ್ಲಿಂಗ್ಟನ್ ಕಾರ್ಖಾನೆಯಲ್ಲಿ 1996ರವರೆಗೆ ತಯಾರಾದ ಇದು ಕ್ಯಾಡಿಲಾಕ್‌ನ ಹಳೇ ಮಾದರಿಯ, ಪ್ರತ್ಯೇಕ ಫ್ರೇಮ್ ಇರುವ ದೊಡ್ಡ ಸೆಡಾನ್‌ಗಳಲ್ಲಿ ಕೊನೆಯದು. 1994ರಿಂದ ಅದಕ್ಕೆ ಬಂದ ಎಲ್‌ಟಿ1 ಎಂಬ 5.7 ಲೀಟರ್ ಎಂಜಿನ್ 260 ಕುದುರೆ ಶಕ್ತಿಯದು. ಹೆದ್ದಾರಿಯಲ್ಲಿ ಅದರ ಎಳೆತದ ಮುಂದೆ ಟೌನ್ ಕಾರ್ ನಿಲ್ಲುವುದಿಲ್ಲ. ದೌರ್ಬಲ್ಯ ಒಂದೇ: ಸಿಲಿಂಡರ್‌ಗಳಿಗೆ ಕಿಡಿ ಹಂಚುವ, ಆಪ್ಟಿಸ್ಪಾರ್ಕ್ ಎಂಬ ಡಿಸ್ಟ್ರಿಬ್ಯೂಟರನ್ನು ಎಂಜಿನ್ನಿನ ಮುಂಭಾಗದಲ್ಲಿ, ಸರಿಯಾಗಿ ವಾಟರ್ ಪಂಪಿನ ಕೆಳಗೆ ಕೂರಿಸಿದ್ದಾರೆ. ಪಂಪು ತೊಟ್ಟಿಕ್ಕಲು ಶುರುವಾದರೆ ಕೂಲೆಂಟ್ ಅದರ ಮೇಲೇ ಬೀಳುತ್ತದೆ. ತೇವದ ದಿನ ಎಂಜಿನ್ ತಡವರಿಸುತ್ತದೆ, ಕೊನೆಗೆ ನಿಂತೇ ಹೋಗುತ್ತದೆ. ಆಪ್ಟಿಸ್ಪಾರ್ಕ್ ತೆಗೆಯಲು ಮೊದಲು ಪಂಪನ್ನು ಬಿಚ್ಚಲೇಬೇಕಾದ್ದರಿಂದ ಪಂಪು, ಆಪ್ಟಿಸ್ಪಾರ್ಕ್ ಎರಡನ್ನೂ ಒಟ್ಟಿಗೇ ಬದಲಿಸಿ. ತೀರಾ ಅಗ್ಗದ ಆಪ್ಟಿಸ್ಪಾರ್ಕ್ ಹಾಕಿದರೆ ಅದೇ ಕೆಲಸ ಮತ್ತೆ ಕಾದಿರುತ್ತದೆ. ಈ ಎಂಜಿನ್ನಿನಲ್ಲಿ ಕೂಲೆಂಟ್ ಮೊದಲು ಹೆಡ್‌ಗಳಿಗೆ ಹೋಗಿ ಆಮೇಲೆ ಬ್ಲಾಕ್‌ಗೆ ಇಳಿಯುತ್ತದೆ, ಹಾಗಾಗಿ ಒಳಗೆ ಗಾಳಿ ಸಿಕ್ಕಿಕೊಂಡರೆ ಬೇಗ ಬಿಸಿಯೇರುತ್ತದೆ. ಕೂಲೆಂಟನ್ನು ನಿಧಾನ ಸುರಿಯುತ್ತಾ ಥರ್ಮೋಸ್ಟಾಟ್ ಗೂಡಿನ ಮೇಲಿನ ಹಿತ್ತಾಳೆ ಬ್ಲೀಡರ್ ಸ್ಕ್ರೂ ಸಡಿಲಿಸಿ, ಗುಳ್ಳೆಯಿಲ್ಲದ ಧಾರೆ ಬಂದ ಮೇಲೆ ಮುಚ್ಚಿ. ಮೆತ್ತನೆ ಲೋಹ, ಜಾಸ್ತಿ ಬಿಗಿದರೆ ಮುರಿಯುತ್ತದೆ.

ದೂರವಿಡಬೇಕಾದವು ಯಾವುವು ಎಂದರೆ, 1981ರ ವಿ8-6-4 ಮತ್ತು 1982ರಿಂದ ಬಂದ ಎಚ್‌ಟಿ4100 ಎಂಜಿನ್ನಿನ ಕ್ಯಾಡಿಲಾಕ್‌ಗಳು. ಮೊದಲನೆಯದು ಹೊರೆ ನೋಡಿಕೊಂಡು ಸಿಲಿಂಡರ್‌ಗಳನ್ನು ತಾನೇ ನಿಲ್ಲಿಸುವ ಯೋಜನೆ, ಆ ಕಾಲದ ಕಂಪ್ಯೂಟರ್‌ಗೆ ನಿಭಾಯಿಸಲು ಆಗಲಿಲ್ಲ. ಎರಡನೆಯದರಲ್ಲಿ ಅಲ್ಯುಮಿನಿಯಂ ಬ್ಲಾಕ್ ಮೇಲೆ ಕಬ್ಬಿಣದ ಹೆಡ್. ಗ್ಯಾಸ್ಕೆಟ್ ಸೋತು ಕೂಲೆಂಟ್ ಎಣ್ಣೆಗೆ ಸೇರಿದರೆ ಬೇರಿಂಗ್ ಸತ್ತಂತೆಯೇ. 1990ರ ದಶಕದ ನಾರ್ತ್‌ಸ್ಟಾರ್ ಎಂಜಿನ್ ಓಟದಲ್ಲಿ ಸೊಗಸು, ಆದರೆ ಬ್ಲಾಕ್‌ನಲ್ಲಿ ಹೆಡ್ ಬೋಲ್ಟ್‌ಗಳ ಥ್ರೆಡ್ ಕಿತ್ತು ಬರುತ್ತದೆ. ಸ್ಟಡ್ ಹಾಕಿಸಿ ರಿಪೇರಿ ಮಾಡಿಸಿದ ಬಿಲ್ಲು ತೋರಿಸಿದರೆ ಮಾತ್ರ ಮುಂದುವರಿಯಿರಿ. 1986ರಿಂದ ಕ್ಯಾಡಿಲಾಕ್‌ನ ಬ್ರೂಮ್ ಮಾದರಿಗೆ ಹಾಕಿದ 307 ಓಲ್ಡ್ಸ್‌ಮೊಬೈಲ್ ಎಂಜಿನ್ ಬರೀ 140 ಕುದುರೆ ಶಕ್ತಿಯದು, ಅವಸರವಿಲ್ಲದವರಿಗೆ ಗಟ್ಟಿಮುಟ್ಟಾದ ಜೊತೆಗಾರ.

ಮೀಟರಿನಲ್ಲಿ ಮೈಲಿ ಕಡಿಮೆ ಇದೆ ಎಂದು ಮರುಳಾಗಬೇಡಿ. ವರ್ಷಗಟ್ಟಲೆ ನಿಂತ ಕಾರಿಗಿಂತ ವಾರವಾರ ಓಡಿದ ಕಾರು ಒಳ್ಳೆಯದು. ನಿಂತದ್ದನ್ನೇ ತಂದರೆ ಸ್ಟಾರ್ಟ್ ಮಾಡುವ ಮೊದಲು ಟ್ಯಾಂಕಿನ ಹಳೇ ಪೆಟ್ರೋಲ್ ಖಾಲಿ ಮಾಡಿ ಪೆಟ್ರೋಲ್ ಫಿಲ್ಟರ್ ಬದಲಿಸಿ, ಎಂಜಿನ್ ಎಣ್ಣೆ ಹೊಸದು ಹಾಕಿ. ಟೌನ್ ಕಾರ್‌ನ ಆ ವರ್ಷಗಳ 4.6 ಎಂಜಿನ್ನಿಗೆ ಫಿಲ್ಟರ್ ಸೇರಿ 5 ಕ್ವಾರ್ಟ್ ಬೇಕು. ರಸ್ತೆಗಿಳಿಸುವ ಮೊದಲು ಬ್ರೇಕ್ ಎಣ್ಣೆ ಪೂರ್ತಿ ತೆಗೆದು ಡಾಟ್ 3 ತುಂಬಿ, ಬ್ರೇಕಿನ ರಬ್ಬರ್ ಹೋಸ್‌ಗಳನ್ನೂ ಬದಲಿಸಿ. ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿ, ಚಕ್ರ ಹಿಡಿದುಕೊಂಡು ಬಿಡುವುದಿಲ್ಲ. ಟೈರಿನ ಪಕ್ಕದಲ್ಲಿ ಡಾಟ್ ಗುರುತಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 2214 ಎಂದಿದ್ದರೆ 2014ರ 22ನೇ ವಾರ. ಅಷ್ಟು ಹಳೆಯದಾದರೆ ಬಿಳಿ ಪಟ್ಟಿ ಎಷ್ಟೇ ಹೊಳೆಯಲಿ, ಎಸೆಯಿರಿ.

ಹೊರಗೆ ಕೊಡಬೇಕಾದ ಕೆಲಸ ಎರಡೇ, ಗೇರ್‌ಬಾಕ್ಸ್ ಮತ್ತು ಏಸಿ. 1994ಕ್ಕಿಂತ ಹಿಂದಿನ ಹೆಚ್ಚಿನ ಕಾರುಗಳ ಏಸಿಯಲ್ಲಿ ತಂಪು ಮಾಡುವ ಆರ್-12 ಅನಿಲವಿದೆ, ಬಾನೆಟ್ ಕೆಳಗಿನ ಸ್ಟಿಕ್ಕರ್ ಓದಿ ಖಚಿತಪಡಿಸಿಕೊಳ್ಳಿ. ಅಮೆರಿಕದಲ್ಲಿ ಅದರ ತಯಾರಿಕೆ 1995ರ ಕೊನೆಗೆ ನಿಂತಿದೆ. ಅದರ ಬದಲಿ ಅನಿಲ ಆರ್-134ಎಗೆ ಬದಲಿಸುವಾಗ ಹೊಸ ಅಕ್ಯುಮುಲೇಟರ್, ಆರಿಫಿಸ್ ಟ್ಯೂಬ್, ಓ-ರಿಂಗ್‌ಗಳು, ಎಸ್ಟರ್ ಎಣ್ಣೆ ಹಾಕಲು ಹೇಳಿ. ಅನಿಲವನ್ನು ಹಳೆಯ ತೂಕದ 80ರಿಂದ 85 ಶೇಕಡಾದಷ್ಟೇ ತುಂಬಬೇಕು, ಸ್ಟಿಕ್ಕರ್‌ನ ಪೂರ್ತಿ ತೂಕ ತುಂಬಿದರೆ ಒತ್ತಡ ಹೆಚ್ಚಾಗಿ ತಂಪು ಕಡಿಮೆಯಾಗುತ್ತದೆ.